ಮಗಳಿಗೊಂದು ಪತ್ರ: ಒಂದೂವರೆ ಸ್ಪೀಡ್ ಬಗ್ಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ಇನ್ನೂ ತಲೆಯಲ್ಲೇ ಸುತ್ತುತ್ತಿದೆ. "ಅಮ್ಮಾ, ನೀನು ಹೇಳಿದ ಜಪಾನಿ ಸಿನಿಮಾ ನೋಡಿದೆ. ಚೆನ್ನಾಗಿದೆ. ಆದ್ರೆ ಸಿಕ್ಕಾಪಟ್ಟೆ ಸ್ಲೋ, ನಿದ್ದೆ ಬಂತು. ಅದಕ್ಕೇ ಒಂದೂವರೆ ಸ್ಪೀಡ್‌ನಲ್ಲಿ ಇಟ್ಟು ಮುಗಿಸಿದೆ" ಅಂದೆ. ನಾನು ಹೂಂ ಅಂದು ಸುಮ್ಮನಾದೆ. ಅಷ್ಟರಲ್ಲಿ ನಿನ್ನನ್ನು ಯಾರೋ ಕರೆದರು, ಫೋನ್ ಇಟ್ಟುಬಿಟ್ಟೆ. ಹೇಳಬೇಕಾದ್ದು ನನ್ನೊಳಗೇ ಉಳಿಯಿತು. ಮತ್ತೆ ಫೋನ್ ಮಾಡಿ ಹೇಳಿದರೆ ಬೈದ ಹಾಗೆ ಕೇಳಿಸಬಹುದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬೈಯುವ ಹಕ್ಕು ನನಗೂ ಇಲ್ಲ ಕಣೇ. ನೀನು ಮಾಡಿದ್ದನ್ನೇ, ಅದೇ ಸಿನಿಮಾಕ್ಕೆ, ನಾನೂ ಮಾಡಿದ್ದೆ.

'ಟೋಕಿಯೋ ಸ್ಟೋರಿ'ಯನ್ನು ನಾನು ಮೊದಲ ಸಲ ನೋಡಿದಾಗ ನೀನು ಕೈಕೂಸು. ಡಿವಿಡಿ ತಂದಿದ್ದೆವು. ನೀನು ಮಲಗಿದಾಗ ಅರ್ಧ ಗಂಟೆ, ಮಾರನೇ ದಿನ ಇಪ್ಪತ್ತು ನಿಮಿಷ, ಹೀಗೆ ಐದಾರು ದಿನ ತುಂಡು ತುಂಡಾಗಿ ನೋಡಿದೆ. ಯಾರೂ ಮಾತಾಡದ ಕಡೆ ರಿಮೋಟ್ ಒತ್ತಿ ಮುಂದಕ್ಕೆ ಓಡಿಸಿದೆ. ಮುಗಿದ ಮೇಲೆ ನಿಮ್ಮಪ್ಪ ಹೇಗಿತ್ತು ಅಂತ ಕೇಳಿದರು. "ವಯಸ್ಸಾದ ಗಂಡ ಹೆಂಡತಿ ಮಕ್ಕಳ ಮನೆಗೆ ಹೋಗಿ ಬರುತ್ತಾರೆ, ಅಷ್ಟೇ" ಅಂದೆ. ಅದನ್ನು ಯಾಕೆ ಜನ ಇಷ್ಟು ಹೊಗಳುತ್ತಾರೆ ಅಂತ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಎರಡನೇ ಸಲ ನೋಡಿದ್ದು ನಿನ್ನ ಅಜ್ಜಿ ತೀರಿಕೊಂಡ ವರ್ಷ. ಒಂದು ರಾತ್ರಿ ನಿದ್ದೆ ಬರಲಿಲ್ಲ. ಹಾಲ್‌ಗೆ ಬಂದು ಹಾಕಿಕೊಂಡೆ. ಎದ್ದು ರಿಮೋಟ್ ಹುಡುಕುವ ಶಕ್ತಿಯೂ ಇರಲಿಲ್ಲ. 136 ನಿಮಿಷ ಹಾಗೇ ಕೂತೆ.

ಆವತ್ತು ಕಂಡದ್ದನ್ನು ಹೇಳುತ್ತೇನೆ. ಮಕ್ಕಳಿಗೆ ಪುರುಸೊತ್ತಿಲ್ಲ ಅಂತ ಅಪ್ಪ ಅಮ್ಮನನ್ನು ಅತಾಮಿ ಅನ್ನುವ ಬಿಸಿನೀರಿನ ಬುಗ್ಗೆಗಳ ಊರಿಗೆ ಕಳಿಸುತ್ತಾರೆ, ನೆನಪಿದೆಯಾ? ರಾತ್ರಿಯೆಲ್ಲ ಗಲಾಟೆ, ಅವರಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಸಮುದ್ರದ ಪಕ್ಕದ ಕಟ್ಟೆಯ ಮೇಲೆ ಕೂತಿರುತ್ತಾರೆ. ಏಳುವಾಗ ಆ ತಾಯಿ ಒಂದು ಸಲ ತೂರಾಡುತ್ತಾಳೆ. ಕೈ ಊರಿ ಸಾವರಿಸಿಕೊಳ್ಳುತ್ತಾಳೆ. ಗಂಡ ಏನಾಯ್ತು ಅನ್ನುತ್ತಾನೆ, ಏನಿಲ್ಲ ಅನ್ನುತ್ತಾಳೆ. ಇಬ್ಬರೂ ನಡೆದು ಹೋಗುತ್ತಾರೆ. ಸಂಗೀತ ಜೋರಾಗುವುದಿಲ್ಲ, ಕ್ಯಾಮೆರಾ ಅವಳ ಮುಖಕ್ಕೆ ಹತ್ತಿರ ಹೋಗುವುದಿಲ್ಲ. ಆ ಹೆಂಗಸು ಇನ್ನು ಹೆಚ್ಚು ದಿನ ಬದುಕುವುದಿಲ್ಲ ಅನ್ನುವ ಸುದ್ದಿ ಅಷ್ಟರಲ್ಲೇ ಬಂದು ಹೋಗಿರುತ್ತದೆ. ಮೊದಲ ಸಲ ನಾನು ಅದನ್ನು ನೋಡಿಯೇ ಇರಲಿಲ್ಲ. ಬಹುಶಃ ಓಡಿಸಿಬಿಟ್ಟಿದ್ದೆ. ನೀನು ನೋಡಿದೆಯಾ?

ನನ್ನ ಅಮ್ಮನೂ ಹೀಗೇ ಒಂದು ಸಲ ಬಾಗಿಲು ಹಿಡಿದು ನಿಂತಿದ್ದಳು. ನಾನೂ ಏನಾಯ್ತು ಅಂದಿದ್ದೆ. ಏನಿಲ್ಲ ಅಂದಿದ್ದಳು. ನಾನು ನನ್ನ ಕೆಲಸಕ್ಕೆ ಹೋಗಿದ್ದೆ.

ಆ ಸಿನಿಮಾ ಮಾಡಿದ ಯಸುಜಿರೊ ಓಝು ಶಾಟ್‌ಗಳ ಉದ್ದವನ್ನು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದರಂತೆ. ಒಬ್ಬರು ಕೋಣೆಯಿಂದ ಎದ್ದು ಹೋದ ಮೇಲೂ ಖಾಲಿ ಕೋಣೆ ಸ್ವಲ್ಪ ಹೊತ್ತು ಪರದೆಯ ಮೇಲೆ ಉಳಿಯುತ್ತದಲ್ಲ, ಅದು ಮರೆತು ಬಿಟ್ಟದ್ದಲ್ಲ. ಲೆಕ್ಕ ಹಾಕಿ ಇಟ್ಟದ್ದು. ಕ್ಯಾಮೆರಾವನ್ನು ನೆಲದ ಹತ್ತಿರ, ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ತುಸು ಕೆಳಗೆ ಇಡುತ್ತಿದ್ದರು. ಅದು ಅಲ್ಲಾಡುವುದೇ ಅಪರೂಪ. ಸಿನಿಮಾ ಬಂದ 1953ರಲ್ಲಿ ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷವಷ್ಟೇ. ಆ ಅಪ್ಪ ಅಮ್ಮನ ಎರಡನೇ ಮಗ ಯುದ್ಧದಿಂದ ವಾಪಸ್ ಬಂದಿಲ್ಲ. ಅವನ ಹೆಂಡತಿ ನೊರಿಕೊ, ಬಾಡಿಗೆಯ ಒಂದೇ ಕೋಣೆಯಲ್ಲಿ ಇರುವವಳು, ರಜೆ ಹಾಕಿ ಅತ್ತೆ ಮಾವನಿಗೆ ಊರು ತೋರಿಸುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗಿಲ್ಲದ ಪುರುಸೊತ್ತು ಅವಳಿಗಿದೆ.

ಕೊನೆಯಲ್ಲಿ ಆ ಅಪ್ಪ ಒಬ್ಬನೇ ಕೂತು ಬೀಸಣಿಗೆ ಬೀಸಿಕೊಳ್ಳುತ್ತಾ ಪಕ್ಕದ ಮನೆಯವಳಿಗೆ ಹೇಳುತ್ತಾನೆ, ಒಬ್ಬನೇ ಇದ್ದರೆ ದಿನಗಳು ತುಂಬಾ ಉದ್ದವಾಗುತ್ತವೆ ಅಂತ. ಅವನ ದಿನ ಎಷ್ಟು ಉದ್ದ ಅಂತ ಗೊತ್ತಾಗಬೇಕಾದರೆ ನಾವೂ ಅವನ ಜೊತೆ ಅಷ್ಟು ಹೊತ್ತು ಕೂರಬೇಕು ಅಲ್ವಾ? 136 ನಿಮಿಷವನ್ನು ಒಂದೂವರೆ ಸ್ಪೀಡ್‌ಗೆ ಇಟ್ಟರೆ ಮುಕ್ಕಾಲು ಗಂಟೆ ಉಳಿಯುತ್ತದೆ. ಉಳಿದದ್ದು ನಿಜ. ಆದರೆ ಹೋದದ್ದು ಆ ಮನುಷ್ಯನ ಸಂಜೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಈ ಸಿನಿಮಾ ನೋಡು ಅಂತ ಹೇಳಿದ್ದು ನಿನ್ನ ಮೇಲೆ ತಪ್ಪು ಹೊರಿಸುವುದಕ್ಕಲ್ಲ. ನೀನು ದೂರ ಇದ್ದೀಯ, ಬರುವುದು ಕಮ್ಮಿಯಾಗಿದೆ ಅಂತ ಸುತ್ತಿಬಳಸಿ ಚುಚ್ಚುವುದಕ್ಕೂ ಅಲ್ಲ. ನನಗೆ ಆ ಸಿನಿಮಾದ ಹಿರಿಮಗಳ ಮೇಲೂ ಕೋಪವಿಲ್ಲ. ಅವಳು ಬ್ಯೂಟಿ ಪಾರ್ಲರ್ ನಡೆಸುತ್ತಾಳೆ, ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಾಳೆ. ಅಮ್ಮ ಸತ್ತಾಗ ಜೋರಾಗಿ ಅಳುತ್ತಾಳೆ, ಸ್ವಲ್ಪ ಹೊತ್ತಿಗೇ ಅಮ್ಮನ ಬಟ್ಟೆ ತನಗೆ ಬೇಕು ಅಂತ ಕೇಳುತ್ತಾಳೆ. ಎರಡೂ ನಿಜವಾದ ಅವಳೇ. ಕಿರಿಮಗಳು ಸಿಟ್ಟಾಗಿ, ಹಾಗಾದರೆ ಬದುಕು ಅಂದರೆ ನಿರಾಸೆ ತಾನೇ ಅಂತ ಕೇಳಿದಾಗ ನೊರಿಕೊ ಹೌದು ಅನ್ನುತ್ತಾಳೆ. ನಗುತ್ತಾ ಅನ್ನುತ್ತಾಳೆ.

ಆ ನಗು ಸಿಕ್ಕಿತಾ ನಿನಗೆ? ನನ್ನ ಸಂಕಟ ಇರುವುದೇ ಇಲ್ಲಿ. ನಮಗೆ ಜಪಾನಿ ಬರುವುದಿಲ್ಲ. ಕೆಳಗಿನ ಸಾಲು ಓದಬೇಕು. ಸ್ಪೀಡ್ ಜಾಸ್ತಿ ಮಾಡಿದರೆ ಕಣ್ಣು ಆ ಸಾಲು ಬಿಟ್ಟು ಮೇಲೆ ಏಳುವುದೇ ಇಲ್ಲ. "ಹೌದು" ಅನ್ನುವ ಪದ ಓದಿರುತ್ತೀಯ, ನೊರಿಕೊ ಪಾತ್ರ ಮಾಡಿದ ಸೆತ್ಸುಕೊ ಹಾರಾ ಮುಖ ನೋಡಿರುವುದಿಲ್ಲ. ಕೊರಿಯಾದ ನಿರ್ದೇಶಕ ಬಾಂಗ್ ಜೂನ್ ಹೋ 2020ರಲ್ಲಿ ಗೋಲ್ಡನ್ ಗ್ಲೋಬ್ ಪ್ರಶಸ್ತಿ ತೆಗೆದುಕೊಳ್ಳುವಾಗ ಸಬ್‌ಟೈಟಲ್ ಅನ್ನುವ ಒಂದಿಂಚಿನ ಗೋಡೆ ದಾಟಿದರೆ ಎಷ್ಟೋ ಒಳ್ಳೆಯ ಸಿನಿಮಾಗಳು ಸಿಗುತ್ತವೆ ಅಂದರು. ನೀನು ಆ ಗೋಡೆಯನ್ನು ಯಾವತ್ತೋ ದಾಟಿದವಳು. ಹತ್ತು ವರ್ಷದವಳಿದ್ದಾಗಲೇ ನನಗಿಂತ ಬೇಗ ಸಬ್‌ಟೈಟಲ್ ಓದಿ, ಓದದ ನಿನ್ನ ಅಜ್ಜಿಗೆ ಕಿವಿಯಲ್ಲಿ ಹೇಳುತ್ತಿದ್ದೆ. ಅದಕ್ಕೇ ನನಗೆ ಜಾಸ್ತಿ ಬೇಜಾರು.

ಅಜ್ಜಿಯ ಜೊತೆ ನೋಡಿದ ಸಿನಿಮಾಗಳಲ್ಲಿ ನಿನಗೆ ಆ ಇರಾನಿನ ಹುಡುಗ ನೆನಪಿರಬೇಕು. ಅಬ್ಬಾಸ್ ಕಿಯರೋಸ್ತಮಿ 1987ರಲ್ಲಿ ಮಾಡಿದ 'ವೇರ್ ಈಸ್ ದ ಫ್ರೆಂಡ್ಸ್ ಹೌಸ್'. ಪಕ್ಕದಲ್ಲಿ ಕೂರುವ ಹುಡುಗನ ನೋಟ್‌ಬುಕ್ ತಪ್ಪಿ ಅಹ್ಮದ್‌ನ ಚೀಲಕ್ಕೆ ಬಂದಿದೆ. ನೋಟ್‌ಬುಕ್‌ನಲ್ಲಿ ಹೋಂವರ್ಕ್ ಮಾಡದಿದ್ದರೆ ಸ್ಕೂಲಿನಿಂದ ಹೊರಗೆ ಹಾಕುತ್ತೇನೆ ಅಂತ ಮೇಷ್ಟ್ರು ಆ ಗೆಳೆಯನಿಗೆ ಹೇಳಿದ್ದಾರೆ. ಅವನ ಮನೆ ಪಕ್ಕದ ಹಳ್ಳಿಯಲ್ಲಿ, ಎಲ್ಲಿ ಅಂತ ಗೊತ್ತಿಲ್ಲ. ಅಮ್ಮ ಬಿಡುವುದಿಲ್ಲ. ಹುಡುಗ ತಪ್ಪಿಸಿಕೊಂಡು ಗುಡ್ಡದ ಅಂಕುಡೊಂಕು ದಾರಿ ಹತ್ತಿ ಓಡುತ್ತಾನೆ. ಇಡೀ ಕತೆ ಅಷ್ಟೇ. ಆದರೆ ಅಷ್ಟು ಆತಂಕದಲ್ಲಿ ನಾನು ಯಾವ ಕೊಲೆಯ ಸಿನಿಮಾವನ್ನೂ ನೋಡಿಲ್ಲ.

ನನಗೆ ತುಂಬಾ ಹತ್ತಿರದ ಭಾಗ ಕತ್ತಲಾದ ಮೇಲೆ ಬರುತ್ತದೆ. ಬಾಗಿಲು ಕಿಟಕಿ ಮಾಡುವ ಒಬ್ಬ ಮುದುಕ ದಾರಿ ತೋರಿಸುತ್ತೇನೆ ಅಂತ ಹುಡುಗನ ಜೊತೆ ಹೊರಡುತ್ತಾನೆ. ಹುಡುಗನಿಗೆ ಅರ್ಜೆಂಟು. ಮುದುಕನಿಗೆ ಬೇಗ ನಡೆಯಲು ಆಗುವುದಿಲ್ಲ. ದಾರಿಯುದ್ದಕ್ಕೂ ತಾನು ಮಾಡಿದ ಬಾಗಿಲುಗಳ ಬಗ್ಗೆ ಹೇಳುತ್ತಾನೆ, ಈಗ ಎಲ್ಲರೂ ಅವನ್ನು ಕಿತ್ತು ಕಬ್ಬಿಣದ ಬಾಗಿಲು ಹಾಕಿಸುತ್ತಿದ್ದಾರೆ ಅನ್ನುತ್ತಾನೆ. ಕಿಟಕಿಗಳ ಬೆಳಕು ಎದುರಿನ ಗೋಡೆಗಳ ಮೇಲೆ ಚಿತ್ತಾರವಾಗಿ ಬಿದ್ದಿದೆ. ಹುಡುಗನಿಗೆ ಓಡಬೇಕು, ಮುದುಕನನ್ನು ಬಿಟ್ಟು ಹೋಗುವುದಕ್ಕೂ ಮನಸ್ಸಿಲ್ಲ. ಎರಡು ವೇಗಗಳು ಒಂದೇ ಓಣಿಯಲ್ಲಿ ನಡೆಯುತ್ತಿವೆ. ಸಿನಿಮಾದ ಜೀವವೇ ಅದು. ಅದನ್ನು ಒಂದೂವರೆ ಮಾಡಿದರೆ ಮುದುಕನೂ ಚುರುಕಾಗಿ ನಡೆಯುತ್ತಾನೆ. ಆಮೇಲೆ ಹುಡುಗನ ಕಷ್ಟ ಏನು ಅಂತಲೇ ಗೊತ್ತಾಗುವುದಿಲ್ಲ.

ಮುದುಕ ಒಂದು ಪುಟ್ಟ ಹೂ ಕೊಟ್ಟು ನೋಟ್‌ಬುಕ್‌ನಲ್ಲಿಟ್ಟುಕೋ ಅನ್ನುತ್ತಾನಲ್ಲ, ಕೊನೆಯ ಶಾಟ್‌ನಲ್ಲಿ ಪುಟ ತಿರುಗಿಸಿದಾಗ ಅದು ಕಾಣುತ್ತದೆ. ನೀನು ಆಗ ಚಪ್ಪಾಳೆ ತಟ್ಟಿದ್ದೆ. ಅಜ್ಜಿ ಕಣ್ಣೊರೆಸಿಕೊಂಡಿದ್ದಳು.

ಆ ಸಿನಿಮಾ ತೆಗೆದ ಪ್ರದೇಶದಲ್ಲಿ 1990ರಲ್ಲಿ ದೊಡ್ಡ ಭೂಕಂಪವಾಯಿತು. ಸಾವಿರಾರು ಜನ ಸತ್ತರು. ಕಿಯರೋಸ್ತಮಿ ತಮ್ಮ ಮಗನನ್ನು ಕರೆದುಕೊಂಡು, ಸಿನಿಮಾದಲ್ಲಿ ನಟಿಸಿದ್ದ ಹುಡುಗರು ಬದುಕಿದ್ದಾರಾ ಅಂತ ಹುಡುಕಿಕೊಂಡು ಹೋದರು. ಆ ಪ್ರಯಾಣವೇ 1992ರಲ್ಲಿ ಇನ್ನೊಂದು ಸಿನಿಮಾ ಆಯಿತು. ಹುಡುಗರು ಬದುಕಿದ್ದರು. ಆಮೇಲೆ ಬಂದ ಅವರ ಮತ್ತೊಂದು ಸಿನಿಮಾದಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಳ್ಳುತ್ತಾರೆ. ಗೆಳೆಯನ ಮನೆ ಹುಡುಕಿದ ಹುಡುಗನ ಸಿನಿಮಾ ಮಾಡಿದವರು ಆ ಹುಡುಗನನ್ನೇ ಹುಡುಕಿಕೊಂಡು ಹೋದರು ಅಂತ ನೆನೆದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ನಿದ್ದೆ ಬಂತು ಅಂತ ಸ್ಪೀಡ್ ಜಾಸ್ತಿ ಮಾಡಿದೆ ಅಂದೆಯಲ್ಲ, ಅದಕ್ಕೂ ಕಿಯರೋಸ್ತಮಿಯವರದ್ದೇ ಉತ್ತರ ಇದೆ. ಥಿಯೇಟರಿನಲ್ಲಿ ನೋಡುಗರಿಗೆ ನಿದ್ದೆ ಬರಿಸುವ ಸಿನಿಮಾಗಳೂ ತಮಗೆ ಇಷ್ಟ, ಅವುಗಳಲ್ಲಿ ಕೆಲವು ಆಮೇಲೆ ರಾತ್ರಿಯೆಲ್ಲ ಎಚ್ಚರವಾಗಿ ಇಟ್ಟಿವೆ ಅಂತ ಅವರು ಹೇಳುತ್ತಿದ್ದರು. ನಿದ್ದೆ ಬಂದರೆ ಮಲಗು ಪುಟ್ಟಿ. ನಾಳೆ ಮೊದಲಿನಿಂದ ನೋಡು.

ನಿಧಾನವಾಗಿದ್ದದ್ದೆಲ್ಲ ಒಳ್ಳೆಯ ಸಿನಿಮಾ ಅಂತ ನಾನು ಹೇಳುವುದಿಲ್ಲ. ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' ನನಗೆ ಪ್ರಾಣ. ಅಣ್ಣ ತಂಗಿ ಒಂದೇ ಜೊತೆ ಶೂಗಳನ್ನು ಬದಲಾಯಿಸಿಕೊಂಡು ಸ್ಕೂಲಿಗೆ ಓಡುವುದನ್ನು ಎಷ್ಟು ಸಲ ನೋಡಿದರೂ ಸಾಲದು. ಆದರೆ ಕೊನೆಯ ಓಟದ ಸ್ಪರ್ಧೆಯಲ್ಲಿ ಸ್ಲೋ ಮೋಷನ್ ಹಾಕಿ ಎಳೆಯುತ್ತಾರಲ್ಲ, ಅದು ನನಗೆ ಹಿಡಿಸುವುದಿಲ್ಲ. ಅಲ್ಲಿ ನಿಧಾನ ನಮ್ಮನ್ನು ಅಳಿಸುವುದಕ್ಕೆ ಬಂದಿದೆ. ಅದೇ ಸಿನಿಮಾದಲ್ಲಿ ಅಪ್ಪನ ಸೈಕಲ್ ಹಿಂದೆ ಹೊಸ ಶೂಗಳು ಸುಮ್ನೆ ಒಂದು ಕ್ಷಣ ಕಾಣುತ್ತವೆ. ಹುಡುಗನಿಗೆ ಇನ್ನೂ ಗೊತ್ತಿಲ್ಲ, ನಮಗೆ ಗೊತ್ತು. ನನಗೆ ಗಂಟಲು ಕಟ್ಟುವುದು ಅಲ್ಲಿ.

ಇನ್ನು ಕೆಲವು ಸಿನಿಮಾಗಳು ನನಗೆ ಹತ್ತಲೇ ಇಲ್ಲ. ಹಂಗೇರಿಯ ಬೇಲಾ ತಾರ್ ಮಾಡಿದ ಏಳು ಗಂಟೆಯ ಸಿನಿಮಾವನ್ನು ಎರಡು ಸಲ ಶುರುಮಾಡಿ ಎರಡು ಸಲವೂ ನಿಲ್ಲಿಸಿದ್ದೇನೆ. ಅದರಲ್ಲಿ ತಪ್ಪೇನಿಲ್ಲ. ಹಿಡಿಸದಿದ್ದರೆ ಆಫ್ ಮಾಡು. ಓಡಿಸಬೇಡ. ಓಡಿಸಿ ಮುಗಿಸಿದರೆ "ಅದನ್ನು ನೋಡಿದ್ದೇನೆ" ಅನ್ನುವ ಭಾವನೆ ಉಳಿದುಬಿಡುತ್ತದೆ, ಮತ್ತೆ ಯಾವತ್ತೂ ಅದರ ಹತ್ತಿರ ಹೋಗುವುದಿಲ್ಲ. ನಾನು 'ಟೋಕಿಯೋ ಸ್ಟೋರಿ'ಯನ್ನು ಹಾಗೇ ಎಷ್ಟೋ ವರ್ಷ ಕಳೆದುಕೊಂಡಿದ್ದೆ.

'ಝಾನ್ ಡೀಲ್ಮಾನ್' ಬಗ್ಗೆಯೂ ಕೇಳಿದ್ದೆಯಲ್ಲ, ನೋಡಬೇಕಾ ಅಂತ. ನೋಡು, ಆದರೆ ರಜೆಯ ದಿನ ನೋಡು. 201 ನಿಮಿಷ. ಬೆಲ್ಜಿಯಂನ ಶಾಂತಾಲ್ ಅಕರ್ಮನ್ ಅದನ್ನು ಮಾಡಿದಾಗ ಅವರಿಗೆ ಇನ್ನೂ 25 ತುಂಬಿರಲಿಲ್ಲ, ಹೆಚ್ಚುಕಡಿಮೆ ನಿನ್ನ ವಯಸ್ಸು. 1975ರ ಆ ಸಿನಿಮಾವನ್ನು 2022ರಲ್ಲಿ 1600ಕ್ಕೂ ಹೆಚ್ಚು ವಿಮರ್ಶಕರು ಮತ್ತು ಸಿನಿಮಾ ಬಲ್ಲವರು ಸೇರಿ ಎಲ್ಲಕ್ಕಿಂತ ದೊಡ್ಡ ಸಿನಿಮಾ ಅಂತ ಆರಿಸಿದರು. 'ಸೈಟ್ ಅಂಡ್ ಸೌಂಡ್' ಪತ್ರಿಕೆ 1952ರಿಂದ ಹತ್ತು ವರ್ಷಕ್ಕೊಮ್ಮೆ ಆ ಪಟ್ಟಿ ಮಾಡುತ್ತದೆ. ಹೆಂಗಸು ಮಾಡಿದ ಸಿನಿಮಾ ಅದರಲ್ಲಿ ಮೊದಲು ಬಂದದ್ದು ಅದೇ ಮೊದಲ ಸಲ.

ಒಬ್ಬ ವಿಧವೆ, ಒಬ್ಬ ಮಗ, ಮೂರು ದಿನ. ಹಾಸಿಗೆ ಮಡಚುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ, ಕೋಣೆಯಿಂದ ಹೊರಬರುವಾಗ ದೀಪ ಆರಿಸುತ್ತಾಳೆ. ಮಧ್ಯಾಹ್ನ ಒಬ್ಬ ಗಂಡಸು ಬಂದು ಹೋಗುತ್ತಾನೆ, ಅವನು ಕೊಟ್ಟ ಹಣವನ್ನು ಊಟದ ಮೇಜಿನ ಮೇಲಿನ ಪಿಂಗಾಣಿ ಪಾತ್ರೆಯಲ್ಲಿಟ್ಟು ಮುಚ್ಚುತ್ತಾಳೆ. ಎರಡನೇ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ಪಾತ್ರೆ ಹಿಡಿದುಕೊಂಡು ಎಲ್ಲಿಗೆ ಸುರಿಯಬೇಕು ಅಂತ ಗೊತ್ತಾಗದೆ ಮನೆಯೊಳಗೆ ಆ ಕಡೆ ಈ ಕಡೆ ಓಡಾಡುತ್ತಾಳೆ. ನಾನು ಸೋಫಾದಲ್ಲಿ ನೆಟ್ಟಗೆ ಕೂತೆ. ಮೊದಲ ದಿನವನ್ನು ಪೂರ್ತಿ ಅವಳ ಜೊತೆ ಕಳೆದವರಿಗೆ ಮಾತ್ರ ಆ ಪಾತ್ರೆ ಎಷ್ಟು ಭಯಂಕರ ಅಂತ ಗೊತ್ತಾಗುವುದು. ಮನೆಗೆಲಸ ಅನ್ನುವುದು ಎಷ್ಟು ಉದ್ದ ಅಂತ ಪರದೆಯ ಮೇಲೆ ನಾನು ನೋಡಿದ್ದು ಅದೇ ಮೊದಲು. ನಾನು ಅದರೊಳಗೇ ಇದ್ದೆ, ಆದರೂ ನೋಡಿರಲಿಲ್ಲ. ಕೊನೆಯಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ.

ಟಿವಿಯ ಬಗ್ಗೆ ಎರಡು ಮಾತು. ಹೊಸ ಟಿವಿ ತಗೊಂಡಿದ್ದೀಯಲ್ಲ, ಅದರ ಸೆಟ್ಟಿಂಗ್ಸ್‌ನಲ್ಲಿ ಚಲನೆಯನ್ನು ನಯ ಮಾಡುವ ಒಂದು ಆಯ್ಕೆ ಇರುತ್ತದೆ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ. ಅದನ್ನು ಆಫ್ ಮಾಡು. ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ತೆಗೆದದ್ದು. ಟಿವಿ ಅವುಗಳ ನಡುವೆ ತಾನೇ ಹೊಸ ಚಿತ್ರಗಳನ್ನು ಹುಟ್ಟಿಸಿ ತುಂಬುತ್ತದೆ, ಎಲ್ಲವೂ ಧಾರಾವಾಹಿಯ ಹಾಗೆ ಕಾಣುತ್ತದೆ. ಹಳೆಯ ಸಿನಿಮಾಗಳಿಗೆ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಪರದೆ ತುಂಬಲಿ ಅಂತ ಜೂಮ್ ಮಾಡಬೇಡ. ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ. ನೆಲದ ಹತ್ತಿರ ಕ್ಯಾಮೆರಾ ಇಟ್ಟವರ ಸಿನಿಮಾದಲ್ಲಿ ನೆಲವೇ ಇಲ್ಲದ ಹಾಗಾಗುತ್ತದೆ.

ಇನ್ನೊಂದೇ ಸಿನಿಮಾದ ಬಗ್ಗೆ ಬರೆಯುತ್ತೇನೆ. ಇದನ್ನು ಬರೆಯುವುದು ಕಷ್ಟ.

ಕಳೆದ ತಿಂಗಳು 'ಆಫ್ಟರ್‌ಸನ್' ನೋಡಿದೆ. 2022ರದ್ದು, ಶಾರ್ಲಟ್ ವೆಲ್ಸ್ ಅವರ ಮೊದಲ ಸಿನಿಮಾ. ಹನ್ನೊಂದು ವರ್ಷದ ಸೋಫಿ ಅಪ್ಪನ ಜೊತೆ ಟರ್ಕಿಗೆ ರಜೆಗೆ ಹೋಗಿದ್ದಾಳೆ. ಈಜುತ್ತಾರೆ, ಕುಣಿಯುತ್ತಾರೆ, ಒಂದು ಸಣ್ಣ ಕ್ಯಾಮೆರಾದಲ್ಲಿ ಒಬ್ಬರನ್ನೊಬ್ಬರು ವಿಡಿಯೋ ಮಾಡುತ್ತಾರೆ. ಅಪ್ಪನೊಳಗೆ ಏನೋ ಒಂದು ಭಾರ ಇದೆ, ಮಗುವಿಗೆ ಪೂರ್ತಿ ತಿಳಿಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಅಪ್ಪನ ಆಗಿನ ವಯಸ್ಸಿಗೆ ಬಂದ ಸೋಫಿ ಆ ವಿಡಿಯೋಗಳನ್ನು ನೋಡುತ್ತಿದ್ದಾಳೆ. ಒಂದು ವಿಡಿಯೋದಲ್ಲಿ ಚಿಕ್ಕ ಸೋಫಿ, ನನ್ನ ವಯಸ್ಸಿನಲ್ಲಿ ನೀನು ಏನಾಗಬೇಕು ಅಂದುಕೊಂಡಿದ್ದೆ ಅಂತ ಕೇಳುತ್ತಾಳೆ. ಅಪ್ಪ ಕ್ಯಾಮೆರಾ ಆಫ್ ಮಾಡು ಅನ್ನುತ್ತಾನೆ. ಆಮೇಲಿನ ಮಾತೆಲ್ಲ ಕೋಣೆಯ ಟಿವಿಯ ಕಪ್ಪು ಗಾಜಿನಲ್ಲಿ ಮಸುಕಾಗಿ ಕಾಣುವ ಅವರಿಬ್ಬರ ನೆರಳಿನಲ್ಲಿ ನಡೆಯುತ್ತದೆ. ಕತ್ತಲಲ್ಲಿ ಕೂತು ನೋಡುತ್ತಿದ್ದೆ, ನನ್ನ ಟಿವಿಯ ಗಾಜಿನಲ್ಲಿ ಅವರ ಹಿಂದೆ ನಾನೂ ಕಂಡೆ.

ಕೊನೆಯ ರಾತ್ರಿ ಅವರಿಬ್ಬರ ಒಂದು ಪೋಲರಾಯ್ಡ್ ಫೋಟೋ ತೆಗೆಯುತ್ತಾರೆ. ಕ್ಯಾಮೆರಾ ಮೇಜಿನ ಮೇಲಿನ ಆ ಫೋಟೋವನ್ನೇ ನೋಡುತ್ತಾ ನಿಲ್ಲುತ್ತದೆ. ಮಾತು ಮಾತ್ರ ಕೇಳಿಸುತ್ತದೆ. ಬಿಳಿ ಹಾಳೆಯೊಳಗಿಂದ ಅಪ್ಪ ಮಗಳು ಮೆಲ್ಲಗೆ ಮೂಡುತ್ತಾರೆ.

ಆವತ್ತು ರಾತ್ರಿ ನಿನ್ನ ಚಿಕ್ಕಂದಿನ ವಿಡಿಯೋಗಳನ್ನು ತೆಗೆದು ನೋಡಿದೆ. ನಡೆಯಲು ಕಲಿಯುತ್ತಿದ್ದದ್ದು, ಶೂ ಲೇಸ್ ಕಟ್ಟಿಕೊಳ್ಳುತ್ತಿದ್ದದ್ದು, ಸ್ಕೂಲಿನ ಮೊದಲ ದಿನ. ನಾನು ಎಲ್ಲೂ ಕಾಣುವುದಿಲ್ಲ, ಕ್ಯಾಮೆರಾ ಹಿಂದೆ ಇದ್ದೆ. ದನಿ ಮಾತ್ರ ಇದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಆ ದನಿ ಒಂದೇ ಮಾತು ಹೇಳುತ್ತಿದೆ. "ಬೇಗ ಬಾ ಪುಟ್ಟಿ. ಬೇಗ, ಬೇಗ." ನೀನು ಲೇಸ್ ಕಟ್ಟುವುದನ್ನು ಬಿಟ್ಟು ತಲೆಯೆತ್ತಿ ನನ್ನನ್ನು ನೋಡುತ್ತೀಯ. ನಾನು ಆ ವಿಡಿಯೋವನ್ನು ಮೂರು ಸಲ ನೋಡಿದೆ.

ನೀನು ಒಂದೂವರೆ ಸ್ಪೀಡ್ ಅಂದಾಗ ನನಗೆ ಕೇಳಿಸಿದ್ದು ನನ್ನದೇ ಆ ದನಿ. ಅದಕ್ಕೇ ಇಷ್ಟೆಲ್ಲ ಬರೆದದ್ದು.

ಈ ಶನಿವಾರ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಆ ಇರಾನಿ ಹುಡುಗನ ಸಿನಿಮಾ ಹಾಕು. ನಾನೂ ಇಲ್ಲಿ ಹಾಕುತ್ತೇನೆ, ನಿಮ್ಮಪ್ಪನೂ ಕೂರುತ್ತಾರಂತೆ. 83 ನಿಮಿಷ ಅಷ್ಟೇ. ಫೋನನ್ನು ಬೇರೆ ಕೋಣೆಯಲ್ಲಿ ಇಟ್ಟು ಬಾ. ಮುಗಿದ ತಕ್ಷಣ ಕರೆ ಮಾಡಬೇಡ, ಸ್ವಲ್ಪ ಹೊತ್ತು ಹಾಗೇ ಇರು. ಹತ್ತೂ ಮುಕ್ಕಾಲಿಗೆ ನಾನೇ ಮಾಡುತ್ತೇನೆ. ಆ ಮುದುಕ ಬಾಗಿಲುಗಳ ಬಗ್ಗೆ ಹೇಳುತ್ತಾ ನಡೆಯುವಾಗ ಹುಡುಗನ ಮುಖ ನೋಡಿರು. ಅದರಲ್ಲಿ ನಿನಗೆ ಏನು ಕಂಡಿತು ಅಂತ ನನಗೆ ಕೇಳಬೇಕು.

ಪ್ರೀತಿಯಿಂದ,
ಅಮ್ಮ